ಚಿತ್ರ ಚೆನ್ನಾಗಿದೆ, ಕೈ ಹೇಗಿದೆ?

ಕರಾವಳಿಯಲ್ಲಿ ಮಳೆಗಾಲವು ಕಾಲಿಟ್ಟು ಹದಿನೈದು ದಿನ ಕಳೆಯುವುದರೊಳಗೆ ಮುರಕಲ್ಲಿನ ಮೆಟ್ಟಿಲುಗಳ ಮೇಲೆ ಹಾವಸೆ ಹಬ್ಬುತ್ತದೆ. ಬಾವಿಕಟ್ಟೆ, ಬಚ್ಚಲ ಹೊಸ್ತಿಲು, ಹಟ್ಟಿಗೆ ಇಳಿಯುವ ದಾರಿ, ಅಡಿಕೆ ತೋಟದ ಕಾಲುಸಂಕ, ಎಲ್ಲವೂ ಜಾರುತ್ತವೆ. ಜಾರಿದ ಮನುಷ್ಯನು ತಲೆಯನ್ನು ಉಳಿಸಿಕೊಳ್ಳಲು ಅಂಗೈಯನ್ನು ನೆಲಕ್ಕೆ ಊರುತ್ತಾನೆ. ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಈ ಮೂರು ತಾಲೂಕುಗಳಲ್ಲಿ ನಾಲ್ಕು ದಶಕಗಳಿಗೆ ಹತ್ತಿರವಾಗಿ ವೈದ್ಯವೃತ್ತಿಯನ್ನು ನಡೆಸಿಕೊಂಡು ಬಂದಿರುವ ನಮಗೆ ಆಷಾಢ, ಶ್ರಾವಣಗಳೆಂದರೆ ಮಣಿಕಟ್ಟಿನ ಮಾಸಗಳೇ ಸರಿ. ಅಡಿಕೆಯ ಹಾಳೆಯನ್ನೇ ಮಡಚಿ, ಮುರಿದ ಕೈಗೆ ಆನಿಸಿ, ಹಳೆಯ ಪಂಚೆಯಿಂದ ಬಿಗಿದು ಬಂದವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇವೆ. ಹಾಗೆ ಕಟ್ಟಿದವರ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದದ್ದೂ ಉಂಟು.

ನಾವು ಶಸ್ತ್ರಚಿಕಿತ್ಸಕರಲ್ಲ. ಆಯುರ್ವೇದ ಪದವಿಯನ್ನು ಪಡೆದು ಹಳ್ಳಿಯ ಜನರ ನಡುವೆ ಬೆಳೆದ ವೈದ್ಯರು. ಮುರಿದ ಕೈಯನ್ನು ನೋಡಿ, ಅಲುಗದಂತೆ ಕಟ್ಟಿ, ಮಂಗಳೂರಿಗೆ ಕಳುಹಿಸುವುದು ನಮ್ಮ ಕೆಲಸದ ಮೊದಲರ್ಧ. ಪ್ಲೇಟು ಹಾಕಿಸಿಕೊಂಡು ಹಿಂದಿರುಗಿದವರು ಕೈಯಲ್ಲೊಂದು ದೊಡ್ಡ ಲಕೋಟೆ ಹಿಡಿದು ನಮ್ಮ ಮುಂದೆ ಕುಳಿತಾಗ ಉಳಿದರ್ಧ ಆರಂಭವಾಗುತ್ತದೆ. ಆ ಲಕೋಟೆಯ ವಿಷಯವಾಗಿಯೇ ಈ ತಿಂಗಳು ಬರೆಯಬೇಕೆನಿಸಿತು.

ಹಾಗೆನಿಸಲು ಒಬ್ಬ ತಾಯಿ ಕಾರಣ. ಗದಗಿನ ಕಡೆಯವರು, ಮಗನಿಗೆ ಬ್ಯಾಂಕಿನ ಕೆಲಸದಲ್ಲಿ ಬೆಳ್ತಂಗಡಿಗೆ ವರ್ಗವಾದುದರಿಂದ ಇಲ್ಲಿಗೆ ಬಂದವರು. ಅರವತ್ತೆಂಟು ವರ್ಷ ಒಣ ಅಂಗಳದಲ್ಲಿ ನಡೆದ ಕಾಲುಗಳಿಗೆ ಕರಾವಳಿಯ ಮೊದಲ ಮಳೆಗಾಲದ ಅಂಗಳ ಒಗ್ಗಲಿಲ್ಲ. ಜಾರಿ ಬಿದ್ದು ಎಡ ಮಣಿಕಟ್ಟನ್ನು ಮುರಿದುಕೊಂಡರು. ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಬಳಿಕ ಎರಡನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು, ಆರನೆಯ ತಿಂಗಳು ಎಂದು ನಾಲ್ಕು ಬಾರಿ ಹೋಗಿ ಬಂದರು, ನಾಲ್ಕು ಬಾರಿಯೂ ಎಕ್ಸ್-ರೇ ತೆಗೆಯಲಾಯಿತು. ಎರಡು ಬಾರಿ ಆ ಚಿತ್ರಗಳನ್ನು ನಮ್ಮಲ್ಲಿಗೂ ತಂದರು. ನಾವು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ‘ಬಹಳ ಚೆನ್ನಾಗಿ ಕೂಡಿದೆ, ಅಮ್ಮಾ’ ಎಂದು ಸಂತೋಷದಿಂದಲೇ ಹೇಳಿ ಕಳುಹಿಸಿದೆವು.

ಏಳನೆಯ ತಿಂಗಳಿನಲ್ಲಿ ಅವರು ಮಂಡಿನೋವಿಗೆಂದು ಬಂದರು. ಔಷಧ ಪಡೆದು ಎದ್ದು ಬಾಗಿಲ ತನಕ ಹೋದವರು ನಿಂತು ಹೇಳಿದರು: “ಎಲುಬು ಕೂಡೈತಿ ಅಂತ ಎಲ್ಲಾರೂ ಅಂತೀರಿ ಡಾಕ್ಟ್ರ. ಅಂಗೈ ಮ್ಯಾಲಕ್ಕ ಹೊಳ್ಳವಲ್ತು. ಇಷ್ಟಲಿಂಗ ಹ್ಯಾಂಗ ಹಿಡೀಲಿ?”

ಕೈಯನ್ನು ಚಾಚಿಸಿ ನೋಡಿದೆವು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅಂಗೈಯನ್ನು ಆಕಾಶಕ್ಕೆ ತೋರಿಸಲು ಹೇಳಿದರೆ, ಅದು ಅರ್ಧದಾರಿಯಲ್ಲೇ ಗೋಡೆಯನ್ನು ನೋಡುತ್ತ ನಿಂತುಬಿಟ್ಟಿತು. ಆರು ತಿಂಗಳಿನಿಂದ ಆ ತಾಯಿ ಮೈಯನ್ನೇ ಎಡಕ್ಕೆ ವಾಲಿಸಿ, ಬಲಗೈಯ ಆಸರೆ ಕೊಟ್ಟು, ಲಿಂಗವು ಜಾರೀತೆಂಬ ಅಂಜಿಕೆಯಲ್ಲಿ ಪೂಜೆ ಮಾಡುತ್ತಿದ್ದರು. ನಾಲ್ಕು ಚಿತ್ರಗಳಲ್ಲಿಯೂ ಮೂಳೆ ನೆಟ್ಟಗಿತ್ತು, ಸ್ಕ್ರೂಗಳು ತಮ್ಮ ಸ್ಥಾನದಲ್ಲಿದ್ದವು. ಅಂಗೈ ಹೊರಳುತ್ತದೆಯೇ ಎಂದು ಕೇಳಿದವರು ಯಾರೂ ಇಲ್ಲ. ಕಿಟಕಿಗೆ ಚಿತ್ರ ಹಿಡಿದು ನೋಡಿದ ನಾವೂ ಕೇಳಿರಲಿಲ್ಲ. ಆ ಕೈ ಅಂದು ನಮ್ಮ ಮೇಜಿನ ಮೇಲೆಯೇ ಇತ್ತು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಮಣಿಕಟ್ಟಿಗೆ ಪ್ಲೇಟು ಹಾಕಿದ ಮೇಲೆ, ಮೊದಲ ಕೆಲವು ವಾರಗಳು ಸರಿಯಾಗಿ ಕಳೆದ ಬಳಿಕ, ಯಾವ ತೊಂದರೆಯೂ ಇಲ್ಲದ ಕೈಗೆ ಕೇವಲ ವಾಡಿಕೆಯೆಂದು ಮತ್ತೆ ಮತ್ತೆ ತೆಗೆಸುವ ಎಕ್ಸ್-ರೇಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಆ ಭೇಟಿಯ ಸಮಯ, ಹಣ, ಗಮನಗಳು ಕೈಯ ಚಲನೆಯ ಕಡೆಗೆ ತಿರುಗಬೇಕು. ಇದನ್ನು ಓದಿ ಯಾರೂ ಮರುಭೇಟಿಯನ್ನೇ ತಪ್ಪಿಸಬಾರದು. ನಾವು ಪ್ರಶ್ನಿಸುತ್ತಿರುವುದು ಚಿತ್ರವನ್ನು ಮಾತ್ರ.

ಮಣಿಕಟ್ಟಿನಲ್ಲಿ ಸಾಮಾನ್ಯವಾಗಿ ಮುರಿಯುವುದು ಮುಂಗೈಯ ಹೆಬ್ಬೆರಳ ಕಡೆಗಿರುವ ರೇಡಿಯಸ್ ಮೂಳೆಯ ತುದಿ. ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಎಂಬವರು ಇದನ್ನು ೧೮೧೪ರಲ್ಲಿ ವಿವರವಾಗಿ ಬರೆದರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಜರ್ಮನಿಯ ರಾಂಟ್ಜೆನ್ ಅವರು ಕ್ಷ-ಕಿರಣವನ್ನು ಕಂಡುಹಿಡಿದದ್ದು ೧೮೯೫ರ ನವೆಂಬರಿನಲ್ಲಿ. ಮರುತಿಂಗಳು ಅವರು ತೆಗೆದ ಪ್ರಸಿದ್ಧ ಚಿತ್ರವು ಉಂಗುರ ತೊಟ್ಟ ಅವರ ಪತ್ನಿಯ ಕೈಯದು. ಎಂದರೆ ಈ ಮುರಿತವನ್ನು ವೈದ್ಯರು ಎಂಬತ್ತೊಂದು ವರ್ಷಗಳ ಕಾಲ ಕಣ್ಣಿನಿಂದಲೂ ಬೆರಳಿನಿಂದಲೂ ಗುರುತಿಸಿ, ಕೂಡಿಸಿ, ಕೂಡಿತೇ ಇಲ್ಲವೇ ಎಂದು ತೀರ್ಮಾನಿಸಿದ್ದರು. ಅವರೆಲ್ಲ ಸರಿಯಾಗಿಯೇ ಮಾಡಿದರೆಂದು ನಾವು ಹೇಳುವುದಿಲ್ಲ. ಸೊಟ್ಟಗೆ ಕೂಡಿದ ಕೈಗಳು ಹಿಂದಿನ ತಲೆಮಾರಿನಲ್ಲಿ ಪ್ರತಿ ಊರಿನಲ್ಲಿಯೂ ಇದ್ದವು.

ಈಗ ಬಹುಮಟ್ಟಿಗೆ ಅಂಗೈ ಕಡೆಯಿಂದ ಸೀಳಿ, ಮೂಳೆಯ ತುಂಡುಗಳನ್ನು ಸರಿಹೊಂದಿಸಿ, ಲೋಹದ ಪ್ಲೇಟು ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಸ್ಕ್ರೂಗಳ ತಲೆಗಳು ಪ್ಲೇಟಿನೊಳಗೇ ಬೀಗದಂತೆ ಕಚ್ಚಿಕೊಳ್ಳುವ ವ್ಯವಸ್ಥೆ ಬಂದ ಮೇಲೆ ವೃದ್ಧರ ಟೊಳ್ಳು ಮೂಳೆಯಲ್ಲಿಯೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಸಿ-ಆರ್ಮ್ ಯಂತ್ರದಲ್ಲಿ ನೋಡುತ್ತಾರೆ, ಮುಗಿದ ಮೇಲೆ ಒಂದು ಚಿತ್ರ ತೆಗೆಯುತ್ತಾರೆ. ಇವು ಅತ್ಯವಶ್ಯ. ಸ್ಕ್ರೂ ಕೀಲಿನೊಳಗೆ ಚುಚ್ಚಿಕೊಂಡಿದೆಯೇ, ತುಂಡುಗಳು ಸ್ಥಾನದಲ್ಲಿವೆಯೇ ಎಂಬುದನ್ನು ಬೇರಾವ ವಿಧಾನವೂ ಹೀಗೆ ತೋರಿಸಲಾರದು. ಮೊದಲ ವಾರಗಳಲ್ಲಿ, ಮೂಳೆ ಇನ್ನೂ ಹಸಿಯಾಗಿರುವಾಗ, ಜರುಗಿದೆಯೇ ಎಂದು ಇನ್ನೊಮ್ಮೆ ನೋಡುವುದಕ್ಕೂ ಕಾರಣವಿದೆ. ಆಮೇಲಿನದು ಬೇರೆ ಮಾತು. ಒಮ್ಮೆ ಬಿಗಿಯಾಗಿ ನಿಂತು, ಊತ ಇಳಿದು, ನೋವು ದಿನೇ ದಿನೇ ಕುಂದಿ, ಬೆರಳುಗಳು ಬಳಕೆಗೆ ಬಂದ ಕೈಯಲ್ಲಿ ಮೂರನೆಯ ತಿಂಗಳಿನ ಚಿತ್ರವು ಸಾಮಾನ್ಯವಾಗಿ ಏನನ್ನು ಹೇಳುತ್ತದೆ? ಆ ಕೈಯೇ ಆಗಲೇ ಹೇಳಿರುವುದನ್ನು.

ಇದು ನಮ್ಮೊಬ್ಬರ ಊಹೆಯಲ್ಲ. ಕಳೆದ ದಶಕದಲ್ಲಿ ನೆದರ್ಲೆಂಡ್ಸ್ ದೇಶದ ಹಲವು ಆಸ್ಪತ್ರೆಗಳು ಕೂಡಿ ಮಣಿಕಟ್ಟು ಹಾಗೂ ಕಾಲಿನ ಹರಡಿನ ಮುರಿತಗಳ ಬಗ್ಗೆ ‘ವಾರಿಯರ್’ ಎಂಬ ಹೆಸರಿನ ಅಧ್ಯಯನವನ್ನು ನಡೆಸಿದವು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯಂತೆ ಆರನೆಯ, ಹನ್ನೆರಡನೆಯ ವಾರಗಳಲ್ಲಿಯೂ ಎಕ್ಸ್-ರೇ. ಮತ್ತೊಂದು ಗುಂಪಿಗೆ ಮೊದಲ ಕೆಲವು ವಾರಗಳ ಬಳಿಕ ಕಾರಣವಿದ್ದರೆ ಮಾತ್ರ: ಮತ್ತೆ ಬಿದ್ದಿದ್ದರೆ, ತೀವ್ರ ನೋವಿದ್ದರೆ, ಚಲನೆ ಕುಗ್ಗಿದ್ದರೆ, ನರ ಅಥವಾ ರಕ್ತನಾಳದ ಲಕ್ಷಣ ಕಂಡರೆ. ಒಂದು ವರ್ಷದ ತನಕ ಕೈಯ ಬಳಕೆ, ನೋವು, ತೊಡಕುಗಳನ್ನು ಹೋಲಿಸಿ ನೋಡಿದರು. ಚಿತ್ರ ಕಡಿಮೆ ತೆಗೆದ ಗುಂಪಿನವರ ಮಣಿಕಟ್ಟು ಮತ್ತೊಂದು ಗುಂಪಿನವರದಕ್ಕಿಂತ ಕೆಟ್ಟದಾಗಿರಲಿಲ್ಲ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿಯು ೨೦೨೦ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ, ಪುರಾವೆಯು ಸೀಮಿತವಾದರೂ, ಎಷ್ಟು ಸಲ ಎಕ್ಸ್-ರೇ ತೆಗೆದರು ಎಂಬುದರಿಂದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣದೆಂದೇ ಹೇಳುತ್ತದೆ.

ಹಾಲೆಂಡಿನ ಮಾತನ್ನು ಬೆಳ್ತಂಗಡಿಗೆ ತಂದು ಹಾಗೆಯೇ ಅಂಟಿಸಬಹುದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ಕಾರಣ ಕಂಡ ಕೂಡಲೇ ಆಸ್ಪತ್ರೆಗೆ ಹೋಗುವುದು ಸುಲಭ. ನಮ್ಮ ಜನ ನೋವನ್ನು ತಿಂಗಳುಗಟ್ಟಲೆ ನುಂಗಿಕೊಂಡು ಕೂರುತ್ತಾರೆ. ಇನ್ನೂ ಒಂದು ಮಾತು ನಮ್ಮ ಅನುಭವಕ್ಕೆ ಬಂದಿದೆ: ‘ಎಕ್ಸ್-ರೇ ತೆಗೆಯಲಿಕ್ಕುಂಟು’ ಎಂದರೆ ಬರುವವರು, ‘ಕೈ ನೋಡಲಿಕ್ಕುಂಟು’ ಎಂದರೆ ಬರುವುದಿಲ್ಲ. ಆ ಚಿತ್ರವೇ ಅವರನ್ನು ವೈದ್ಯರ ಮುಂದೆ ತಂದು ಕೂರಿಸುವ ಹಗ್ಗವಾಗಿದೆ. ಈ ವಾದದಲ್ಲಿ ಹುರುಳಿದೆ ಎಂದು ಒಪ್ಪುತ್ತೇವೆ. ಆದರೆ ಹಗ್ಗ ಹಿಡಿದು ಕರೆತಂದ ಮೇಲೆ ಕೈಯನ್ನು ನೋಡದೆ ಹಗ್ಗವನ್ನೇ ನೋಡಿ ಕಳುಹಿಸಿದರೆ ಬಂದುದರಿಂದ ಏನಾಯಿತು?

ನಮ್ಮ ಶಾಸ್ತ್ರದ ಕಡೆಗೆ ಬರೋಣ. ಸುಶ್ರುತ ಸಂಹಿತೆಯ ಶಾರೀರ ಭಾಗದಲ್ಲಿ ಮಣಿಬಂಧವನ್ನು ಒಂದು ಮರ್ಮವೆಂದು ಎಣಿಸಿದ್ದಾರೆ. ಇದು ಪ್ರಾಣ ತೆಗೆಯುವ ಮರ್ಮವಲ್ಲ, ವೇದನೆ ಕೊಡುವ ಮರ್ಮ. ಅದಕ್ಕೆ ಪೆಟ್ಟಾದರೆ ಉಂಟಾಗುವ ಫಲವನ್ನು ಕುಂಠತೆ ಎಂದಿದ್ದಾರೆ: ಕೈ ಇದ್ದೂ ಕೆಲಸಕ್ಕೆ ಬಾರದಿರುವುದು. ಗದಗಿನ ಆ ತಾಯಿಯ ಕೈಯನ್ನು ಹಿಡಿದು ನೋಡುವಾಗ ನಮಗೆ ವಿದ್ಯಾರ್ಥಿದೆಸೆಯಲ್ಲಿ ಬಾಯಿಪಾಠ ಮಾಡಿದ ಆ ಶಬ್ದ ನೆನಪಾಗಿ ನಾಚಿಕೆಯಾಯಿತು.

ಚಿಕಿತ್ಸಾಸ್ಥಾನದಲ್ಲಿ ಭಗ್ನಕ್ಕೆ ಒಂದು ಅಧ್ಯಾಯವೇ ಇದೆ. ಮುರಿದುದನ್ನು ಎಳೆದು, ಒತ್ತಿ, ಕೂಡಿಸಿ, ಹಿಪ್ಪೆ, ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ತೊಗಟೆಯನ್ನೋ ಬಿದಿರನ್ನೋ ಆನಿಸಿ ಕಟ್ಟಬೇಕು. ಕಟ್ಟು ಸಡಿಲವಾದರೆ ಸಂಧಿಯು ನಿಲ್ಲದು, ಬಿಗಿಯಾದರೆ ಊತ, ನೋವು, ಕೀವು. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಬೇಕು. ಅಂದರೆ ಮರುಭೇಟಿ ಎಂಬುದು ನಮ್ಮ ಹಿರಿಯರಿಗೆ ಹೊಸದಲ್ಲ. ಎಳೆಯ ವಯಸ್ಸಿನವರಿಗೆ ಒಂದು ತಿಂಗಳು, ನಡುವಯಸ್ಸಿನವರಿಗೆ ಅದರ ಎರಡರಷ್ಟು, ಮುಪ್ಪಿನವರಿಗೆ ಮೂರರಷ್ಟು ಕಾಲ ಬೇಕೆಂಬ ಲೆಕ್ಕವನ್ನೂ ಕೊಟ್ಟಿದ್ದಾರೆ. ಹಾಗಾದರೆ ಚೆನ್ನಾಗಿ ಕೂಡಿದೆ ಎಂದು ತಿಳಿಯುವುದು ಹೇಗೆ? ಅಂಗವು ಸೊಟ್ಟಗಾಗಿರಬಾರದು, ಗಿಡ್ಡವಾಗಿರಬಾರದು, ಉಬ್ಬಿರಬಾರದು, ಸುಖವಾಗಿ ಚಲಿಸಬೇಕು. ಈ ಕೊನೆಯ ಲಕ್ಷಣದ ಮೇಲೆ ನಮ್ಮ ಇಡೀ ಲೇಖನ ನಿಂತಿದೆ. ಅಂಗೈಯ ಮುರಿತದ ವಿಷಯದಲ್ಲಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೊದಲು ಮಣ್ಣಿನ ಉಂಡೆಯನ್ನು, ಆಮೇಲೆ ಉಪ್ಪಿನ ಗಟ್ಟಿಯನ್ನು, ಬಲ ಬಂದ ಬಳಿಕ ಕಲ್ಲನ್ನು ಹಿಡಿಸಬೇಕೆಂದು ವಿಧಿಸಿದ್ದಾರೆ. ಇಂದು ಫಿಸಿಯೋಥೆರಪಿ ಎಂದು ಕರೆಯುವುದು ಇದನ್ನೇ ಅಲ್ಲವೇ? ಸುಶ್ರುತರ ಕಾಲದಲ್ಲಿ ಎಕ್ಸ್-ರೇ ಇರಲಿಲ್ಲವಾದುದರಿಂದ ಈಗಲೂ ಬೇಡ ಎಂಬ ವಾದವನ್ನು ನಮ್ಮ ಮೇಲೆ ಹೊರಿಸಬೇಡಿ. ಅವರಿಗೆ ಆ ಯಂತ್ರ ದೊರೆತಿದ್ದರೆ ಮೊದಲ ದಿನವೇ ಬಳಸುತ್ತಿದ್ದರು.

ಕೆಲವರು ಎಕ್ಸ್-ರೇ ಎಂದರೆ ವಿಕಿರಣ, ವಿಕಿರಣವೆಂದರೆ ಕ್ಯಾನ್ಸರ್ ಎಂದು ಹೆದರಿಸುತ್ತಾರೆ. ಆ ಹೆದರಿಕೆ ನಮ್ಮ ವಾದವಲ್ಲ. ಮಣಿಕಟ್ಟಿನ ಒಂದು ಚಿತ್ರದಿಂದ ದೇಹಕ್ಕೆ ತಗಲುವ ವಿಕಿರಣವು ನಾವೆಲ್ಲರೂ ನೆಲ, ಗಾಳಿ, ಆಕಾಶಗಳಿಂದ ಕೆಲವೇ ಗಂಟೆಗಳಲ್ಲಿ ಪಡೆಯುವಷ್ಟು ಅಲ್ಪ. ಗರ್ಭಿಣಿಯರು ಮುಂಚಿತವಾಗಿ ತಿಳಿಸಬೇಕು, ಅಷ್ಟೆ. ಅದರ ಭಾರ ಬೀಳುವುದು ಬೇರೆಡೆ.

ಬಂಟ್ವಾಳ ತಾಲೂಕಿನ ಮನೆ ಮನೆಗಳಲ್ಲಿ ಹೆಣ್ಣುಮಕ್ಕಳು ಬೀಡಿ ಕಟ್ಟುತ್ತಾರೆ. ಇಲ್ಲಿನವರು ತಡ್ಪೆ ಎನ್ನುವ ಮೊರವನ್ನು ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ ತುದಿ ಮಡಚುವ ಆ ಕೆಲಸಕ್ಕೆ ಹತ್ತು ಬೆರಳೂ ಎರಡು ಮಣಿಕಟ್ಟೂ ಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಮಣಿಕಟ್ಟು ಮುರಿದ ದಿನದಿಂದ ಅವಳ ಲೆಕ್ಕದ ಪುಸ್ತಕದಲ್ಲಿ ಏನೂ ಏರುವುದಿಲ್ಲ. ಶಸ್ತ್ರಚಿಕಿತ್ಸೆಯ ಖರ್ಚನ್ನು ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆ ನೋಡಿಕೊಂಡೀತು. ಆಮೇಲಿನ ಓಡಾಟವನ್ನು ನೋಡಿಕೊಳ್ಳುವವರು ಯಾರು? ಚಾರ್ಮಾಡಿ ಘಾಟಿಯ ಬುಡದ ಹಳ್ಳಿಯಿಂದ ಮಂಗಳೂರಿಗೆ ಹತ್ತಿರ ಹತ್ತಿರ ೮೦ ಕಿಲೋಮೀಟರು. ಸರಕಾರಿ ಬಸ್ಸಿನಲ್ಲಿ ೨೦೨೩ರಿಂದ ಹೆಂಗಸರಿಗೆ ಟಿಕೆಟ್ಟಿಲ್ಲ, ನಿಜ. ಆದರೆ ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಒಬ್ಬಳೇ ಹೋಗಲಾರಳು, ಗಂಡನೋ ಮಗನೋ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಹೋಗಬೇಕು. ಬೆಳಗ್ಗೆ ಆರಕ್ಕೆ ಹೊರಟವರು ಎಕ್ಸ್-ರೇಯ ಸಾಲಿನಲ್ಲಿ ಒಂದೂವರೆ ಗಂಟೆ, ವೈದ್ಯರ ಬಾಗಿಲಲ್ಲಿ ಎರಡು ಗಂಟೆ ಕುಳಿತು, ಒಳಗೆ ಎರಡು ನಿಮಿಷವಿದ್ದು, ‘ಚೆನ್ನಾಗಿದೆ’ ಎಂಬ ಒಂದು ಮಾತು ಕೇಳಿ ಸಂಜೆಗೆ ಮನೆ ಸೇರುತ್ತಾರೆ. ಆ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಚಿತ್ರಕ್ಕೆ ಹೋಗುತ್ತದೆ. ಇಂತಹ ಎರಡು ಪ್ರಯಾಣವಾದ ಮೇಲೆ ವ್ಯಾಯಾಮ ಕಲಿಯಲು ಮತ್ತೆ ಬಾ ಎಂದರೆ ಅವಳು ಬರುವುದಿಲ್ಲ. ನಮಗೆ ಅತ್ಯಂತ ನಷ್ಟವಾಗಿ ಕಾಣುವುದು ಇದು.

ಇದರಲ್ಲಿ ಶಸ್ತ್ರಚಿಕಿತ್ಸಕರನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಹೊರರೋಗಿ ವಿಭಾಗದಲ್ಲಿ ನೂರು ಮಂದಿ ಕುಳಿತಿರುವಾಗ ಚಿತ್ರವು ಬೇಗ ಉತ್ತರ ಕೊಡುತ್ತದೆ. ೧೯೯೫ರಲ್ಲಿ ಸುಪ್ರೀಂ ಕೋರ್ಟು ವಿ. ಪಿ. ಶಾಂತಾ ಪ್ರಕರಣದ ತೀರ್ಪಿನಲ್ಲಿ ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ತಂದ ಮೇಲೆ, ಕಡತದಲ್ಲಿ ದಾಖಲೆಯಿರಲಿ ಎಂಬ ಎಚ್ಚರಿಕೆ ಎಲ್ಲ ವೈದ್ಯರಿಗೂ ಬಂದಿದೆ. ಆ ತೀರ್ಪು ರೋಗಿಗಳಿಗೆ ಬೇಕಾದದ್ದೇ. ಆದರೆ ಎಚ್ಚರಿಕೆಯು ವಾಡಿಕೆಯಾಗಿ, ವಾಡಿಕೆಯು ವಿಧಿಯಾಗಿಬಿಡುತ್ತದೆ. ಇನ್ನು ರೋಗಿಗಳೇನು ಕಡಿಮೆಯೇ? ಎಕ್ಸ್-ರೇ ಬರೆಯದ ವೈದ್ಯನು ಸರಿಯಾಗಿ ನೋಡಲಿಲ್ಲವೆಂದು ಹೊರಗೆ ಹೋಗಿ ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾವು ವೃತ್ತಿಗಿಳಿದ ಕಾಲದಲ್ಲಿ ಒದ್ದೆ ಫಿಲ್ಮನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಲು ಕಾಯಬೇಕಿತ್ತು. ಈಗ ರೋಗಿ ಮನೆ ಮುಟ್ಟುವ ಮೊದಲೇ ಚಿತ್ರವು ದುಬಾಯಿಯಲ್ಲಿರುವ ಮಗನ ಫೋನಿಗೆ ಮುಟ್ಟಿರುತ್ತದೆ, ಅಲ್ಲಿಂದ ಅವನ ಸ್ನೇಹಿತನಾದ ವೈದ್ಯನಿಗೆ. ಸ್ಕ್ರೂ ಉದ್ದವಿದೆಯಂತೆ ಎಂದು ಅಲ್ಲಿಂದ ಮಾತು ಬರುತ್ತದೆ, ಇಲ್ಲಿ ಅಮ್ಮನಿಗೆ ನಿದ್ರೆ ಹೋಗುತ್ತದೆ. ನಾವೂ ಎಷ್ಟೋ ಬಾರಿ ನಮ್ಮ ಸಮಾಧಾನಕ್ಕಾಗಿಯೇ ‘ಒಂದು ಎಕ್ಸ್-ರೇ ತೆಗೆಸಿಬಿಡಿ’ ಎಂದು ಚೀಟಿ ಬರೆದಿದ್ದೇವೆ.

ಎಲ್ಲರಿಗೂ ಒಂದೇ ಮಾತು ಅನ್ವಯಿಸುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಶಸ್ತ್ರಕ್ರಿಯೆಯಿಲ್ಲದೆ ಬರಿಯ ಪ್ಲಾಸ್ಟರಿನಲ್ಲಿ ಕೂಡಿಸಿದ ಮುರಿತವು ಊತ ಇಳಿದಂತೆ ಒಳಗೇ ಜರುಗಬಹುದು. ಅಂಥವರಿಗೆ ಮೊದಲ ಎರಡು ಮೂರು ವಾರಗಳ ಚಿತ್ರಗಳನ್ನು ತಪ್ಪಿಸಲೇಬಾರದು, ಏಕೆಂದರೆ ಜರುಗಿದ್ದನ್ನು ಸರಿಪಡಿಸುವ ಅವಕಾಶ ಆಗ ಮಾತ್ರ ಇರುತ್ತದೆ. ತಂತಿ ಹಾಕಿ ಕೂಡಿಸಿದವರ, ಕೀಲಿನ ಮೇಲ್ಮೈಯೇ ಚೂರಾದವರ, ಬೆಳೆಯುವ ಮಕ್ಕಳ ವಿಷಯದಲ್ಲಿ ಶಸ್ತ್ರಚಿಕಿತ್ಸಕರು ಹೇಳಿದ ಕ್ರಮವೇ ಕ್ರಮ. ಪ್ಲೇಟು ಹಾಕಿದ ಕೈಯೇ ಆದರೂ, ಮತ್ತೆ ಬಿದ್ದರೆ, ಇಳಿಯುತ್ತಿದ್ದ ನೋವು ಏರತೊಡಗಿದರೆ, ಕೈಯ ಆಕಾರ ಬದಲಾದರೆ, ಗಾಯದಲ್ಲಿ ಕೆಂಪು, ಬಿಸಿ, ಕೀವು ಕಂಡರೆ, ಹೆಬ್ಬೆರಳು ಮತ್ತು ಪಕ್ಕದ ಬೆರಳುಗಳಲ್ಲಿ ಜೋಮು ಹಿಡಿದರೆ ತಡಮಾಡದೆ ಹೋಗಬೇಕು. ಒಂದು ದಿನ ಇದ್ದಕ್ಕಿದ್ದಂತೆ ಹೆಬ್ಬೆರಳ ತುದಿಯನ್ನು ಮಡಚಲಾಗದಿದ್ದರೆ ಅಥವಾ ಎತ್ತಲಾಗದಿದ್ದರೆ ಅದು ಪ್ಲೇಟಿಗೋ ಸ್ಕ್ರೂವಿನ ಮೊನೆಗೋ ಉಜ್ಜಿ ಸ್ನಾಯುರಜ್ಜು ಹರಿದಿರುವ ಲಕ್ಷಣವಿರಬಹುದು. ವರ್ಷ ಕಳೆದ ಮೇಲೂ ಹೀಗಾಗುವುದುಂಟು. ಈ ಸೂಚನೆಗಳನ್ನು ಮತ್ತೊಮ್ಮೆ ಓದಿ ನೋಡಿ: ಇವೆಲ್ಲವನ್ನೂ ಮೊದಲು ತಿಳಿಯುವವರು ಕೈಯ ಒಡೆಯರು. ಎಕ್ಸ್-ರೇ ಯಂತ್ರದ ಸರದಿ ಆಮೇಲೆ ಬರುತ್ತದೆ.

ಚಿತ್ರಕ್ಕಾಗಿ ಇಟ್ಟ ಹಣ ಉಳಿದರೆ ಎಲ್ಲಿ ಹಾಕಬೇಕೆಂಬುದಕ್ಕೂ ನಮ್ಮಲ್ಲಿ ಉತ್ತರವಿದೆ. ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ, ನಿಂತ ನೆಲದಲ್ಲೇ ಜಾರಿ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿಯಿತೆಂದರೆ ಆ ಮೂಳೆ ಟೊಳ್ಳಾಗಿರುವ ಸಂಭವ ಹೆಚ್ಚು. ಇಂದು ಮಣಿಕಟ್ಟು, ನಾಳೆ ಬೆನ್ನುಮೂಳೆ, ಅನಂತರ ಸೊಂಟದ ಕೀಲು ಎಂಬುದು ಅದರ ದಾರಿ. ಸೊಂಟ ಮುರಿದ ವೃದ್ಧರ ಗತಿಯನ್ನು ಓದುಗರು ತಮ್ಮ ಮನೆಗಳಲ್ಲೇ ಕಂಡಿರಬಹುದು. ಆದರೂ ಮಣಿಕಟ್ಟಿಗೆ ನಾಲ್ಕು ಎಕ್ಸ್-ರೇ ಆದವರಲ್ಲಿ ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನಮ್ಮ ಕೈಗೆ ಸಿಕ್ಕಿದ್ದು ಬಹಳ ವಿರಳ. ಸಾಮಾನ್ಯ ಎಕ್ಸ್-ರೇಯಲ್ಲಿ ಟೊಳ್ಳುತನ ಕಾಣುವ ಹೊತ್ತಿಗೆ ಬಹಳಷ್ಟು ಮೂಳೆ ಕರಗಿಹೋಗಿರುತ್ತದೆ. ಶಸ್ತ್ರಚಿಕಿತ್ಸಕರನ್ನು ನಾವೇ ಕೇಳಬೇಕು: ‘ಇನ್ನೊಂದು ಚಿತ್ರ ಬೇಕೇ? ಅದಕ್ಕೆ ಬದಲು ಮೂಳೆಯ ಗಟ್ಟಿತನ ನೋಡಬಹುದೇ? ವಿಟಮಿನ್ ಡಿ ಪರೀಕ್ಷಿಸಬಹುದೇ?’ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಆಹಾರದ ವಿಷಯದಲ್ಲಿ, ಘಟ್ಟದ ಮೇಲಿನ ಭಕ್ತರಿಗೆ ರಾಗಿಯ ಗುಣವನ್ನು ನಾವು ಹೇಳುವುದು ಅಧಿಕಪ್ರಸಂಗವಾದೀತು. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಮೀರಿ ಸುಣ್ಣಾಂಶವಿದೆ. ಕುಚ್ಚಲಕ್ಕಿಯ ಗಂಜಿಯನ್ನೇ ನಂಬಿರುವ ಕರಾವಳಿಯವರು ಅದನ್ನು ಕಲಿಯಬೇಕು.

ಎಣ್ಣೆ ಹಚ್ಚಿ ತಿಕ್ಕುವ ಬಗ್ಗೆ ಒಂದು ಮಾತು, ಅದೂ ಆಯುರ್ವೇದದವರಾದ ನಮ್ಮ ಬಾಯಿಂದಲೇ ಬರಬೇಕಾದದ್ದು. ಪ್ಲೇಟು ಹಾಕಿದ ಕೈಯನ್ನು ಗಾಯ ಮಾಯುವ ಮೊದಲು, ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಲ್ಲದೆ ಯಾರಿಂದಲೂ ಉಜ್ಜಿಸಬೇಡಿ, ಎಳೆಸಬೇಡಿ. ಪುತ್ತೂರು ಕಟ್ಟಿನ ಹೆಸರು ಕೇಳಿ ಬಹಳ ಮಂದಿ ಹೊರಡುತ್ತಾರೆ. ಆ ಪುತ್ತೂರು ಆಂಧ್ರದ್ದು. ನಮ್ಮ ಪಕ್ಕದ ತಾಲೂಕೆಂದು ತಿಳಿದು ಬಸ್ಸು ಹತ್ತಿದವರನ್ನೂ ಕಂಡಿದ್ದೇವೆ. ಮಂಗರವಳ್ಳಿ, ಲಾಕ್ಷಾ ಗುಗ್ಗುಲುಗಳನ್ನು ನಾವೂ ಕೊಡುತ್ತೇವೆ, ವೈದ್ಯರ ಅರಿವಿನಲ್ಲಿ, ಪೂರಕವಾಗಿ. ಅವು ಬೆರಳನ್ನು ಮಡಚಿ ಬಿಡಿಸುವ ಕೆಲಸವನ್ನು ನಿಮಗಾಗಿ ಮಾಡಿಕೊಡುವುದಿಲ್ಲ.

ಆ ಕೆಲಸವು ಶಸ್ತ್ರಕ್ರಿಯೆಯ ಮರುದಿನದಿಂದಲೇ ಆರಂಭವಾಗಬೇಕು. ಪಟ್ಟಿಯ ಹೊರಗಿರುವ ಬೆರಳುಗಳನ್ನು ಪೂರ್ತಿ ಮಡಚಿ, ಪೂರ್ತಿ ಬಿಡಿಸಿ. ಭುಜ, ಮೊಣಕೈಗಳನ್ನು ಆಡಿಸಿ. ಊತವಿರುವ ತನಕ ಕೈಯನ್ನು ಎದೆಗಿಂತ ಮೇಲೆ ಇರಿಸಿ. ಮಣಿಕಟ್ಟನ್ನು ಆಡಿಸಲು ಅನುಮತಿ ದೊರೆತ ಮೇಲೆ ಕೈಮುಗಿಯುವ ಭಂಗಿಯಲ್ಲಿ ಅಂಗೈಗಳನ್ನು ಕೂಡಿಸಿ ಮೊಣಕೈಗಳನ್ನು ನಿಧಾನವಾಗಿ ಮೇಲೆತ್ತಿ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಸೌಟೊಂದನ್ನು ಮುಷ್ಟಿಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಹೊರಳಿಸಿ. ಮೊಣಕೈ ಪಕ್ಕೆ ಬಿಟ್ಟು ಎದ್ದರೆ ಹೊರಳುವುದು ಭುಜ, ಮಣಿಕಟ್ಟಲ್ಲ; ಮೋಸ ಹೋಗಬೇಡಿ. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ತೊಂದರೆಯಿಲ್ಲದ ಕೈಯ ನಡುವಿನ ಭೇಟಿಗಳು ಅಲ್ಲಿಯೇ ನಡೆದು, ಅನುಮಾನ ಕಂಡವರನ್ನು ಮಾತ್ರ ಮಂಗಳೂರಿಗೆ ಕಳುಹಿಸುವ ಏರ್ಪಾಡು ಆಗಬೇಕೆಂಬುದು ನಮ್ಮ ಬಹುದಿನಗಳ ಆಸೆ. ಅಲ್ಲಿಯವರೆಗೆ, ಮುಂದಿನ ಭೇಟಿಗೆ ಹೋಗುವವರು ಲಕೋಟೆಯನ್ನು ಮೇಜಿನ ಮೇಲಿಡುವ ಮೊದಲು ಕೈಯನ್ನು ಇಡಿ. ನಿಮ್ಮ ಕಾಯಕಕ್ಕೆ ಬೇಕಾದ ಯಾವ ಚಲನೆ ಆಗುತ್ತಿಲ್ಲವೆಂದು ಮಾಡಿಯೇ ತೋರಿಸಿ: ಕೊಡ ಎತ್ತುವುದೋ, ಬೀಡಿಯ ತುದಿ ಮಡಚುವುದೋ, ರಬ್ಬರ್ ಮರಕ್ಕೆ ಕತ್ತಿ ಹಾಕುವುದೋ.

ಗದಗಿನ ತಾಯಿಗೆ ನಾವು ಹೊಸ ಚಿತ್ರ ಬರೆಯಲಿಲ್ಲ. ಅವರ ಶಸ್ತ್ರಚಿಕಿತ್ಸಕರಿಗೆ ಫೋನು ಮಾಡಿ ವಿಷಯ ತಿಳಿಸಿ, ಅವರ ಸಲಹೆಯಂತೆ ಫಿಸಿಯೋಥೆರಪಿಗೆ ಕಳುಹಿಸಿದೆವು. ಏಳು ತಿಂಗಳು ಕಳೆದ ಕೀಲು, ಸುಲಭಕ್ಕೆ ಬಗ್ಗಲಿಲ್ಲ. ಬೆಳಗ್ಗೆ ಸಂಜೆ ಬಿಸಿನೀರಿನ ಶಾಖ, ಸೌಟಿನ ಹೊರಳಾಟ, ರೊಟ್ಟಿ ಹಿಟ್ಟಿನ ಮುದ್ದೆಯನ್ನು ಹಿಸುಕುವುದು ಎಂದು ಸೊಸೆಯೇ ಮುಂದೆ ಕುಳಿತು ಮಾಡಿಸಿದಳು. ಐದು ತಿಂಗಳ ಬಳಿಕ ಬಂದಾಗ ಅಂಗೈ ಪೂರ್ತಿ ಮೇಲಕ್ಕೆ ಬಂದಿರಲಿಲ್ಲ, ಆದರೆ ಗೋಡೆಯನ್ನೂ ನೋಡುತ್ತಿರಲಿಲ್ಲ. ಈಗ ಬಲಗೈಯ ಆಸರೆಯಿಲ್ಲದೆ ಹಿಡಿಯುತ್ತೇನೆ ಎಂದರು. ಇನ್ನು ಉಳಿದಷ್ಟು ಬಾರದೆಂದು ಫಿಸಿಯೋಥೆರಪಿಯವರು ಹೇಳಿದ್ದಾರಂತೆ.